ದೊಡ್ಡಮ್ಮನ ಬೀಡಿ, ನನ್ನ ಪ್ರಬಂಧ

ಬಾಯಿ ಮುಚ್ಚಿಸಿದ್ದೇ ನಾನು ಮಾಡಿದ ಮೊದಲ ತಪ್ಪು. ನಾನು ಮಿದುಳಿನ ಅಧ್ಯಯನ ಮಾಡುವವಳು. ಪಳಗಿದ ಕೈಯನ್ನು ಮಿದುಳು ಹೇಗೆ ನಡೆಸುತ್ತದೆ ಎಂಬುದು ನನ್ನ ವಿಷಯ. ಪಳಗಿದ ಕೈ ಹುಡುಕಿಕೊಂಡು ಊರೂರು ಅಲೆಯುವ ಗತಿ ನನಗೆ ಬರಲಿಲ್ಲ. ಸಿದ್ಧಕಟ್ಟೆಯ ನಮ್ಮ ಮನೆಯ ಜಗಲಿಯಲ್ಲೇ ದೊಡ್ಡಮ್ಮ ನೆರೆಮನೆಯ ಹೆಂಗಸರೊಂದಿಗೆ ಕೂತು, ಎಲೆ, ಹೊಗೆಸೊಪ್ಪು ತುಂಬಿದ ಮೊರದಂಥ ತಡ್ಪೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ನನ್ನನ್ನು ಸಾಕಿ ಓದಿಸಿದ್ದೂ ಆ ಬೀಡಿಯೇ.

ದೊಡ್ಡಮ್ಮನ ತಲೆಗೆ ಮಿದುಳಿನ ಅಲೆಗಳನ್ನು ದಾಖಲಿಸುವ ತಂತಿಯ ಟೋಪಿ ತೊಡಿಸಿ, ಬೆರಳಿಗೆ ಪಟ್ಟಿ ಅಂಟಿಸಿ, "ಯಾರೂ ಮಾತಾಡಬಾರದು" ಎಂದು ಎಲ್ಲರಿಗೂ ಅಪ್ಪಣೆ ಕೊಟ್ಟೆ. ಮಾತಾಡಿದರೆ ದವಡೆ ಅಲುಗುತ್ತದೆ, ದಾಖಲೆ ಕೆಡುತ್ತದೆ. ಪಾಪ, ಎಲ್ಲರೂ ಇಡೀ ಮಧ್ಯಾಹ್ನ ಬಾಯಿಗೆ ಬೀಗ ಹಾಕಿಕೊಂಡು ಕಟ್ಟಿದರು. ಸಂಜೆ, ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ನೋಡಿದವರು ಅರ್ಧಕ್ಕರ್ಧ ವಾಪಸ್ ಮಾಡಿದರು. ಒಂದು ಸಡಿಲ, ಒಂದರ ತುದಿ ಬಿಚ್ಚಿದೆ. ದೊಡ್ಡಮ್ಮನ ಬೀಡಿ ವಾಪಸ್ ಬಂದದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ.

"ಬಾಯಿ ಕಟ್ಟಿದ್ರೆ ಕೈ ಹೇಗೆ ಓಡ್ತದೆ ಮಾರಾಯ್ತಿ?" ಎಂದು ಅವರು ನನ್ನ ಮೇಲೆ ಹರಿಹಾಯ್ದರು. "ನೀನು ಮಾತು ಬೇಡ ಅಂದ ಮೇಲೆ ನಂಗೆ ನನ್ನ ಬೆರಳೇ ಕಾಣ್ಲಿಕ್ಕೆ ಶುರು ಆಯ್ತು. ಬೆರಳು ನೋಡಿ ಬೀಡಿ ಕಟ್ಟುವವರು ಎಲ್ಲಿಯಾದ್ರೂ ಉಂಟಾ?"

ನನಗೆ ನಾನೇ ಬೈದುಕೊಂಡೆ. ಎಲಾ ಪೆದ್ದಿ, ಇಷ್ಟು ವರ್ಷ ಓದಿದ್ದಕ್ಕೆ ಇದು ಹೊಳೆಯಲಿಲ್ಲವಲ್ಲ! ಮರುದಿನ ಹರಟೆಗೆ ಬಿಟ್ಟೆ. ಯಾರ ಸೊಸೆಗೆ ಎಷ್ಟು ಸೊಕ್ಕು, ಪೊಳಲಿ ಜಾತ್ರೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು, ಒಂದೇ ಎರಡೇ! ಬೆರಳುಗಳು ಹಾರಾಡಿದವು. ದವಡೆಯ ಗದ್ದಲವನ್ನು ದಾಖಲೆಯಿಂದ ತೆಗೆಯಲು ಆಮೇಲೆ ತಿಂಗಳುಗಟ್ಟಲೆ ಒದ್ದಾಡಿದೆ, ಆ ಮಾತು ಬೇರೆ. ಪಳಗಿದ ಕೈ ತನ್ನನ್ನೇ ನೋಡಿಕೊಂಡರೆ ಮುಗ್ಗರಿಸುತ್ತದೆ, ಗಮನ ಬೇರೆಡೆ ಹೋದರೆ ಸಲೀಸಾಗಿ ನಡೆಯುತ್ತದೆ. ನನ್ನ ಪ್ರಬಂಧದಲ್ಲಿದ್ದದ್ದು ಇಷ್ಟೇ.

ಎರಡು ವರ್ಷ ಅದನ್ನು ನಾಯಿಯೂ ಮೂಸಿ ನೋಡಲಿಲ್ಲ. ಆಮೇಲೆ ನೋಡಿ! ಯಾವುದೋ ದೇಶದ ಪಿಟೀಲು ಮೇಷ್ಟರೊಬ್ಬರು ತಮ್ಮ ಬರಹದಲ್ಲಿ ಅದನ್ನು ಉಲ್ಲೇಖಿಸಿದರು. ಬಿಲ್ಲುಗಾರಿಕೆ ಕಲಿಸುವವರು ಹಿಡಿದುಕೊಂಡರು. ಯಂತ್ರದ ಕೈ ಮಾಡುವ ಎಂಜಿನಿಯರುಗಳೂ ಬಂದರು. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವಳೇ, ಇವತ್ತು ಯಾರು ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರ್ ತೆರೆಯುತ್ತಿದ್ದೆ. ಜಂಬವೇ, ಯಾಕೆ ಸುಳ್ಳು ಹೇಳಲಿ?

"ಯಂತ್ರಕ್ಕೂ ಹರಟೆ ಹೊಡೀಲಿಕ್ಕೆ ಕಲಿಸ್ತಾರಂತಾ?" ಎಂದು ದೊಡ್ಡಮ್ಮ ಕೇಳಿದ್ದರು.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ನಡಿಗೆ ಮರಳಿತು, ಬಲಗೈ ಮಾತ್ರ ಬರಲಿಲ್ಲ. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಹಟ. ನಾನು ತಿನ್ನಿಸಿದರೆ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು. "ಸಾಯುದಕ್ಕೆ ಹೆದರಿಕೆ ಇಲ್ಲ ಮಗಾ. ಇನ್ನೊಬ್ಬರ ಕೈಯಿಂದ ಉಣ್ಣುದು ಮಾತ್ರ ಬೇಡ."

ಬೆಳ್ತಂಗಡಿಯ ಹತ್ತಿರ, ಲಾಯಿಲದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಹುಡುಗಿಯ ಬಳಿ ಕರೆದೊಯ್ದೆ. ದಿನವೂ ದೊಡ್ಡಮ್ಮನ ಕೈಯ ಮೇಲೆ ಬಗ್ಗಿ ನಿಂತು, "ಹೆಬ್ಬೆರಳು ನೋಡಿ ದೊಡ್ಡಮ್ಮ, ಮನಸ್ಸಿಟ್ಟು ಮಡಚಿ!" ಎಂದು ಪೀಡಿಸುತ್ತಿದ್ದೆ. ನಾಲ್ಕನೆಯ ದಿನ ಆ ಹುಡುಗಿಗೆ ಸಾಕಾಯಿತು.

"ಬೇಜಾರು ಮಾಡ್ಬೇಡಿ ಮೇಡಂ, ನೀವು ಸ್ವಲ್ಪ ದೂರ ಕೂತ್ಕೊಳ್ಳಿ. ಕೈಯನ್ನೇ ನೋಡು ನೋಡು ಅಂದ್ರೆ ಇವರ ಕೈ ಬರುದಿಲ್ಲ. ಅದರ ಮೇಲೆ ಒಂದು ಸ್ಟಡಿ ಉಂಟು, ಬೀಡಿ ಕಟ್ಟುವವರ ಮೇಲೆ ಮಾಡಿದ್ದು. ನೀವು ಒಮ್ಮೆ ಓದ್ಬೇಕು."

ದೊಡ್ಡಮ್ಮ ಕುರ್ಚಿ ಅಲುಗುವಷ್ಟು ನಕ್ಕರು. "ಓದ್ಬೇಕಂತೆ! ಬರೆದವಳೇ ಇವಳು. ಬೀಡಿ ನಂದು!"

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. "ಹಾಗಾದ್ರೆ ನಿಮಗೇ ಗೊತ್ತಿರ್ಬೇಕಿತ್ತಲ್ಲ ಮೇಡಂ?"

"ಇವಳಿಗೆ ಎಂತ ಗೊತ್ತುಂಟು?" ದೊಡ್ಡಮ್ಮ ಶುರುಮಾಡಿದರು. "ಬಂಗುಡೆ ಸಾರಿಗೆ ಟೊಮೆಟೊ ಹಾಕ್ತಾಳೆ! ಹುಣಸೆ ಹುಳಿ ಇಲ್ಲದ ಬಂಗುಡೆಯನ್ನು ಮನುಷ್ಯರು ತಿಂತಾರಾ?"

ಬೈಗುಳ ಏರುತ್ತಿದ್ದಂತೆ ಹುಡುಗಿ ನನ್ನ ಮೊಣಕೈ ತಿವಿದಳು. ದೊಡ್ಡಮ್ಮನ ಮಡಿಲಲ್ಲಿ ಬಿದ್ದಿದ್ದ ಬಲಗೈಯ ಹೆಬ್ಬೆರಳು, ತೋರುಬೆರಳು ಸೇರಿ ಸೆರಗಿನ ಅಂಚನ್ನು ಹಿಡಿದಿದ್ದವು. ಅವರಿಗೆ ಅದು ಗೊತ್ತೇ ಇಲ್ಲ. ಕಿರುಚಿ ಅವರನ್ನು ತಬ್ಬಿಕೊಳ್ಳಬೇಕು ಎನಿಸಿತು. ಹುಡುಗಿ ಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾನು ಬೇಕೆಂದೇ ಮುಖ ಸಿಂಡರಿಸಿಕೊಂಡೆ.

"ಹಾಕಿದ್ರೆ ಎಂತ ತಪ್ಪು? ನಾಳೆಯೂ ಟೊಮೆಟೊವೇ ಹಾಕ್ತೇನೆ."

"ಹಾಕು ನೋಡುವ!" ಎಂದು ದೊಡ್ಡಮ್ಮ ಗುಡುಗಿದರು. ಉಳಿದ ಮೂರು ಬೆರಳುಗಳೂ ಮೆಲ್ಲಗೆ ಮಡಚಿಕೊಂಡವು.