ಹನ್ನೊಂದು ದಿನ, ಏಳು ಊರು, ಮೂವತ್ತೆರಡು ತಲೆ

ಪ್ರವಾಸ ಕಂಪನಿಯ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ: ‘ಹನ್ನೊಂದು ದಿನ, ಏಳು ಊರು, ಭಾರತದ ಐದು ಸಾವಿರ ವರ್ಷ’. ಅಂದರೆ ದಿನವೊಂದಕ್ಕೆ ಸುಮಾರು ನಾನೂರೈವತ್ತು ವರ್ಷ ಮುಗಿಸಬೇಕು. ಅದರ ನಡುವೆ ತಿಂಡಿ, ಊಟ, ಕಾರ್ಪೆಟ್ ಅಂಗಡಿ, ವಾಂತಿ, ಮೂವತ್ತೆರಡು ಜನರ ಒಂದು ಎರಡು ಎಲ್ಲವೂ ಆಗಬೇಕು. ಇದನ್ನು ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ಹೆಚ್ಚುಕಡಿಮೆಯಾಗದಂತೆ ಮುಗಿಸಿಕೊಡುತ್ತಿರುವವರು ನಮ್ಮ ಐದುನಿಮಿಷದ ಸಾಹೇಬರು.

ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಸಂಬಳದ ಚೀಟಿ ಬಿಟ್ಟು ಇನ್ನೆಲ್ಲೂ ಬಳಕೆಯಲ್ಲಿಲ್ಲ. ಕೋಟೆಯಿರಲಿ, ಗುಡಿಯಿರಲಿ, ಹೋಟೆಲಿನ ಮೆಟ್ಟಿಲಿರಲಿ, ಯಾರು ಏನೇ ಕೇಳಿದರೂ ಇವರ ಬಾಯಿಂದ ಬರುವುದು ‘ಐದೇ ನಿಮಿಷ’. ಬಸ್ಸಿನ ಡ್ರೈವರ್ ಆ ಹೆಸರಿಟ್ಟ. ಎದುರಿಗೆ ‘ಸಾರ್’ ಅನ್ನುತ್ತಾನೆ, ಬೆನ್ನು ತಿರುಗಿತೋ ಐದುನಿಮಿಷ.

ಹುದ್ದೆಯ ಹೆಸರು ಟೂರ್ ಮ್ಯಾನೇಜರ್. ಕೆಲಸ ಮಾತ್ರ ತಲೆ ಎಣಿಸುವುದು. ಬಸ್ಸಿನೊಳಗೆ ಕ್ಯಾಬಿನ್ನನ್ನು ಬೇರೆ ಮಾಡುವ ಗಾಜಿನ ಬಾಗಿಲಿದೆಯಲ್ಲ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಪೆನ್ನು. ಪೆನ್ನಿನ ತುದಿ ಗಾಳಿಯಲ್ಲಿ ಕುಟುಕುತ್ತಾ ಹಿಂದಿನ ಸೀಟಿನವರೆಗೆ ಹೋಗಿ ನಿಲ್ಲುತ್ತದೆ. ಮುಖ ನೋಡುವ ಪದ್ಧತಿಯಿಲ್ಲ. ಬೋಳು ತಲೆ, ಬಣ್ಣ ಹಚ್ಚಿದ ತಲೆ, ಟೋಪಿ ಹಾಕಿದ ತಲೆ, ಒಟ್ಟು ಮೂವತ್ತೆರಡು ಆಗಬೇಕು. ಆಯಿತೋ, “ರೈಟ್!” ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ತಲೆಯನ್ನೂ ಬಿಟ್ಟು ಬಂದವನಲ್ಲ ನಾನು ಎಂದು ಹೋದಲ್ಲಿ ಬಂದಲ್ಲಿ ಜಂಬ ಕೊಚ್ಚಿಕೊಳ್ಳುತ್ತಾರೆ. ಕೊಚ್ಚಿಕೊಳ್ಳಲಿ ಬಿಡಿ, ಸುಳ್ಳೇನಲ್ಲ.

ಏಳೂ ಊರು ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಎಷ್ಟು ಅಂದರೆ, ಬಸ್ಸಿಗೆ ನೆರಳು ಎಲ್ಲಿ ಸಿಗುತ್ತದೆ, ಯಾವ ಬಾಗಿಲಲ್ಲಿ ಕಾವಲುಗಾರ ಬೇಗ ಬಿಡುತ್ತಾನೆ, ಯಾವ ಶೌಚಾಲಯದ ಚಿಲಕ ಕೆಟ್ಟಿದೆ, ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಈ ಸಮಾಧಿ ಯಾರದು ಸಾರ್ ಎಂದರೆ ಮಾತ್ರ ಗೈಡಿನ ಕಡೆ ಬೆರಳು ತೋರಿಸುತ್ತಾರೆ. ಆದರೆ ಮನೆಗೆ ಬಂದ ಮೇಲೆ ನೋಡಬೇಕು ಅವರ ಗತ್ತು! ಪಕ್ಕದ ಮನೆಯವರ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು, ಗೋಪುರಗಳನ್ನೆಲ್ಲ ತಾವೇ ಮುಂದೆ ನಿಂತು ಕಟ್ಟಿಸಿದ ಹಾಗೆ ಮಾತಾಡುತ್ತಾರೆ.

ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಈ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವರು ಅವರ ಹೆಂಡತಿ. ಬೀದಿಯ ಅರ್ಧಕ್ಕರ್ಧ ಮಕ್ಕಳ ಶಾಲೆಯ ಸಮವಸ್ತ್ರ ಆಕೆಯ ಕೈಯಿಂದಲೇ ಆಗಬೇಕು. ಗಂಡ ಪ್ರತಿ ಪ್ರವಾಸದಿಂದಲೂ ಆಕೆಗೆಂದು ತಪ್ಪದೆ ತರುತ್ತಿದ್ದದ್ದು ಹೋಟೆಲಿನ ಪುಟ್ಟ ಸೋಪುಗಳನ್ನು. ಐದು ಸಾವಿರ ವರ್ಷದಲ್ಲಿ ಆ ತಾಯಿಯ ಪಾಲಿಗೆ ಬಂದದ್ದು ಇಷ್ಟು.

ಈ ಸಲ ಕಂಪನಿಯವರು ಎರಡನೇ ಡ್ರೈವರನ್ನು ಕಿತ್ತುಹಾಕಿದ್ದರಿಂದ ಕ್ಯಾಬಿನ್ನಿನಲ್ಲಿ ಒಂದು ಸೀಟು ಖಾಲಿ ಬಿತ್ತು. “ಬೇಕಾದ್ರೆ ಮನೆಯವರನ್ನ ಕರ್ಕೊಂಡು ಹೋಗಿ” ಎಂದರು. ಸಾಹೇಬರು ಮನೆಗೆ ಬಂದು, ಅರಮನೆಯನ್ನೇ ಬರೆದುಕೊಟ್ಟವರಂತೆ ವಿಷಯ ತಿಳಿಸಿದರು. ಆಕೆ ಪೆಡಲಿನ ಮೇಲಿನ ಕಾಲು ತೆಗೆದರು.

“ನಂಗೇನೂ ಬೇಡ ರೀ. ಸೀರೆ ಬೇಡ, ಬಳೆ ಬೇಡ. ಒಂದು ಜಾಗ, ಒಂದೇ ಒಂದು ಜಾಗ ನೀವೇ ನನ್ನ ಪಕ್ಕ ನಿಂತು ತೋರಿಸ್ಬೇಕು. ಗೈಡ್ ಬೇಡ. ನೀವು.”

“ಅಯ್ಯೋ, ಅದೇನು ಮಹಾ! ಏಳೂ ಊರು ತೋರಿಸ್ತೀನಿ ನಡಿ.”

“ಏಳು ಬೇಡ. ಒಂದು.”

ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಗಂಡ ಹೂಂ ಅಂದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊಸ ಚಪ್ಪಲಿ ಕೊಂಡರು.

ಮೊದಲ ಊರಿನಲ್ಲಿ ಬಿಳಿ ಗುಮ್ಮಟ. “ಇಲ್ಲೇ ನಿಂತಿರು, ಐದೇ ನಿಮಿಷ, ಬಂದೆ” ಎಂದು ಹೋದ ಸಾಹೇಬರು ಬಸ್ಸು ಹೊರಡುವ ಹೊತ್ತಿಗೆ ಬಂದರು. ಅಷ್ಟು ಹೊತ್ತೂ ಆಕೆ ಮೂರನೇ ಸೀಟಿನ ದೊಡ್ಡಮ್ಮನ ಚೀಲ, ಛತ್ರಿ, ನೀರಿನ ಬಾಟಲಿ ಹಿಡಿದುಕೊಂಡು ಗುಮ್ಮಟಕ್ಕೆ ಬೆನ್ನು ಹಾಕಿ ನಿಂತಿದ್ದರು, ಯಾಕೆಂದರೆ ನೆರಳಿದ್ದದ್ದು ಆ ಕಡೆಗೇ. ಎರಡನೇ ಊರಿನಲ್ಲಿ ಅರಮನೆ. ಅಲ್ಲಿ ದೊಡ್ಡಮ್ಮನನ್ನೇ ಹಿಡಿದುಕೊಂಡು ನೂರಾ ಹತ್ತು ಮೆಟ್ಟಿಲು ಹತ್ತಿಸಿ ಇಳಿಸಿದ್ದಾಯಿತು. ಮ್ಯಾನೇಜರ್ ಹೆಂಡತಿ ಎಂದರೆ ಸಂಬಳವಿಲ್ಲದ ಆಳು ಎಂಬುದು ಮೂವತ್ತೆರಡು ಜನಕ್ಕೂ ಎರಡನೇ ದಿನಕ್ಕೇ ಹೊಳೆದುಹೋಗಿತ್ತು. ಅರಮನೆಗೆ ನಲವತ್ತು ನಿಮಿಷ ಸಿಕ್ಕಿತು, ಅದರ ಪಕ್ಕದ ಕಾರ್ಪೆಟ್ ಅಂಗಡಿಗೆ ಒಂದೂವರೆ ಗಂಟೆ. ಅಂಗಡಿಯವರಿಗೂ ಕಂಪನಿಗೂ ಏನೋ ಒಳಒಪ್ಪಂದ. ಪರಂಪರೆಗೆ ಅಂಥ ಒಪ್ಪಂದ ಮಾಡಿಕೊಳ್ಳುವವರು ಯಾರೂ ಇರಲಿಲ್ಲ, ಪಾಪ.

ಹೋಟೆಲಿನ ಕೋಣೆಯಲ್ಲಿ ಆಕೆ ಚಪ್ಪಲಿ ಕಚ್ಚಿದ ಕಾಲನ್ನು ತಣ್ಣೀರಿನಲ್ಲಿ ಇಟ್ಟುಕೊಂಡು ಹೇಳಿದರು: “ಎರಡು ಊರಾಯ್ತು.”

“ನಾಳೆ ಖಂಡಿತ. ನಿನ್ನಾಣೆ” ಎಂದು ಸಾಹೇಬರು ಮಗ್ಗುಲಾದರು.

ಮೂರನೇ ಊರಿನಲ್ಲಿ ಹಳೆಯ ದೊರೆಯೊಬ್ಬನ ಸಭಾಮಂಟಪ. ಸಾಲು ಸಾಲು ಕಲ್ಲಿನ ಕಂಬ, ಪ್ರತಿ ಕಂಬದಲ್ಲೂ ಕುಣಿಯುವ ಹೆಂಗಸರು. ಮಾತು ಕೊಟ್ಟಿದ್ದರಲ್ಲ, ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಹಿಂದಿನ ಸಾಲಿನವರೆಗೂ ಬಂದರು. ಗಂಟಲು ಸರಿಮಾಡಿಕೊಂಡು, “ಇದು ನೋಡು, ಕಂಬ” ಎಂದರು. ಅಷ್ಟರಲ್ಲಿ ಫೋನು ಬಂತು. ಒಂದನೇ ಸೀಟಿನ ನಿವೃತ್ತ ಹೆಡ್‌ಮಾಸ್ತರು ಶೌಚಾಲಯದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಚಿಲಕ!

“ನೀನು ಇಲ್ಲೇ ಇರು. ಎಲ್ಲೂ ಕದಲಬೇಡ. ಐದೇ ನಿಮಿಷ, ಬಂದು ಪೂರ್ತಿ ತೋರಿಸ್ತೀನಿ.”

ಆಕೆ ಕದಲಲಿಲ್ಲ.

ಹೆಡ್‌ಮಾಸ್ತರನ್ನು ಬಿಡಿಸುವಷ್ಟರಲ್ಲಿ ಸಾಹೇಬರಿಗೆ ಬೆವರು ಕಿತ್ತುಕೊಂಡು ಬಂತು. ಹೊರಗೆ ಬಂದ ಮಾಸ್ತರು ಶೌಚಾಲಯದ ದುರವಸ್ಥೆಯ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದರು. ಆಗಲೇ ಹೊತ್ತು ಮೀರಿತ್ತು. ಸಾಹೇಬರು ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿ ಎಲ್ಲರನ್ನೂ ಬಸ್ಸಿಗೆ ತುಂಬಿದರು, ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಪೆನ್ನು ಕುಟುಕಿತು. ಮೂವತ್ತೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

“ರೈಟ್!”

ಕ್ಯಾಬಿನ್ನಿನಲ್ಲಿ ಕೂರುವವರು ಪಟ್ಟಿಯಲ್ಲಿ ಇರುವುದಿಲ್ಲ. ಡ್ರೈವರನ್ನು ಯಾರಾದರೂ ಎಣಿಸುತ್ತಾರೆಯೇ? ಬಸ್ಸಿನ ಜಾಕನ್ನು ಎಣಿಸುತ್ತಾರೆಯೇ? ಪಕ್ಕದ ಸೀಟು ಖಾಲಿಯಿರುವುದು ಡ್ರೈವರಿನ ಕಣ್ಣಿಗೆ ಬಿತ್ತು. ಅಂತೂ ಇವತ್ತು ಗಂಡನ ಹತ್ತಿರ ಹಿಂದೆ ಕೂತರಲ್ಲ ಪಾಪ, ಎಂದುಕೊಂಡು ಅವನು ಗೇರು ಹಾಕಿದ. ಸಾಹೇಬರು ಮೊದಲ ಸಾಲಿನ ಮಡಚುವ ಕುರ್ಚಿಯಲ್ಲಿ ಕೂತು, ಎಲ್ಲವೂ ಸಮಯಕ್ಕೆ ಸರಿಯಾಗಿ ಆಯಿತೆಂಬ ತೃಪ್ತಿಯಲ್ಲಿ ಕಣ್ಣು ಮುಚ್ಚಿದರು.

ಒಂದೂವರೆ ಗಂಟೆಯ ಮೇಲೆ ದಾರಿಯ ಇನ್ನೊಂದು ಕಾರ್ಪೆಟ್ ಅಂಗಡಿ ಬಂತು. ಮೂರನೇ ಸೀಟಿನ ದೊಡ್ಡಮ್ಮ ಒಂದು ಕೆಂಪು, ಒಂದು ಹಸಿರು ಹರಡಿಸಿಕೊಂಡು ಕೂತು ಕೇಳಿದರು: “ನಿಮ್ಮ ಮನೆಯವರೆಲ್ರೀ? ಬಟ್ಟೆಬರೆ ವಿಷ್ಯ ಅವರಿಗೆ ಚೆನ್ನಾಗಿ ಗೊತ್ತು. ಕರೀರಿ.”

“ಬಸ್ಸಲ್ಲಿ ಮಲಗಿರ್ಬೇಕು” ಎಂದು ಸಾಹೇಬರು ಹೋದರು. ಕ್ಯಾಬಿನ್ನಿನ ಸೀಟಿನ ಮೇಲೆ ಆಕೆಯ ಶಾಲು ಮಡಚಿಟ್ಟ ಹಾಗೇ ಇತ್ತು. ಫೋನು ಚಾರ್ಜಿಗೆ ಸಿಕ್ಕಿಸಿದ ಹಾಗೇ ಇತ್ತು. ಡ್ರೈವರ್ ಟೀ ಲೋಟ ಹಿಡಿದುಕೊಂಡು ಬಂದ.

“ಮೇಡಂ ನಿಮ್ಮ ಹತ್ರ ಇರ್ಲಿಲ್ವಾ ಸಾರ್?”

“ನಿನ್ನ ಹತ್ರ ಇರ್ಲಿಲ್ವೇನೋ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಭ್ಯಾಸಬಲ ನೋಡಿ, ಸಾಹೇಬರ ಕೈ ತಾನಾಗಿ ಜೇಬಿಗೆ ಹೋಗಿ ಪಟ್ಟಿ ತೆಗೆಯಿತು. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಪಟ್ಟಿಯ ಪ್ರಕಾರ ಯಾರೂ ತಪ್ಪಿಸಿಕೊಂಡಿರಲಿಲ್ಲ.

ಸುದ್ದಿ ಅಂಗಡಿಯೊಳಗೆ ಹಬ್ಬಿತು. “ಅಯ್ಯೋ ಪಾಪ!” ಎಂದರು ಎಲ್ಲರೂ. ಆಮೇಲೆ ಹೆಡ್‌ಮಾಸ್ತರು ಗಡಿಯಾರ ನೋಡಿಕೊಂಡು, “ಅದು ಸರಿ, ನಾಲ್ಕನೇ ಊರಿನ ಸಂಜೆ ದೀಪದ ಪ್ರದರ್ಶನ ನಮ್ಗೆ ತಪ್ಪಲ್ಲ ತಾನೇ?” ಎಂದರು. ಡ್ರೈವರನ್ನು ಕಳಿಸಿದರೆ ಬಸ್ಸು ನಿಲ್ಲುತ್ತದೆ, ತಾವು ಹೋದರೆ ಜನ ಗೊಣಗುತ್ತಾರೆ. ಇಷ್ಟನ್ನು ತೂಗಿ ನೋಡಲು ಸಾಹೇಬರಿಗೆ ಪೂರಾ ಕಾಲು ಗಂಟೆ ಹಿಡಿಯಿತು ಎಂಬುದನ್ನು ಮುಚ್ಚಿಡುವುದೇಕೆ? ಕೊನೆಗೆ ದೊಡ್ಡಮ್ಮನೇ ಗದರಿದರು: “ಹೆಂಡತಿ ಕಣ್ರೀ, ಛತ್ರಿ ಅಲ್ಲ. ಹೊರಡಿ!” ಆಗ ಟ್ಯಾಕ್ಸಿ ಹಿಡಿದರು.

ದಾರಿಯುದ್ದಕ್ಕೂ ಒಂದೇ ಯೋಚನೆ: ಅಳುತ್ತಿರುತ್ತಾಳೆ, ಪೊಲೀಸರ ಹತ್ತಿರ ಹೋಗಿರುತ್ತಾಳೆ, ಭಾಷೆ ಬಾರದ ಊರು, ಕೈಯಲ್ಲಿ ಫೋನಿಲ್ಲ. ಏನು ಬೈದರೂ ಬಾಯಿ ಮುಚ್ಚಿಕೊಂಡು ಬೈಸಿಕೊಳ್ಳಬೇಕು ಎಂದು ನಿಶ್ಚಯಿಸಿದರು. ಭಯವೂ ನಿಜ, ಪ್ರೀತಿಯೂ ನಿಜ. ಆ ಎರಡರ ಅಡಿಯಲ್ಲಿ ಇನ್ನೂ ಒಂದಿತ್ತು: ಕಂಪನಿಗೆ ತಿಳಿದರೆ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು.

ಮಂಟಪಕ್ಕೆ ಓಡಿ ಬಂದರು. ತಾವು ಹೇಳಿಹೋದ ಜಾಗದಲ್ಲಿ ಆಕೆ ಇರಲಿಲ್ಲ. ಕಂಬದಿಂದ ಕಂಬಕ್ಕೆ ಹುಡುಕಿದರು. ಆಮೇಲೆ ನಗು ಕೇಳಿಸಿತು. ಎರಡು ಸಾಲು ಆಚೆಗೆ, ಬಿರುಕುಬಿಟ್ಟ ಕಂಬ ದುರಸ್ತಿ ಮಾಡುತ್ತಿದ್ದ ಮುದುಕ ಕಲ್ಲುಕುಟಿಗನ ಪಕ್ಕ ಆಕೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದರು. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು ಬಾರದು. ಇಬ್ಬರೂ ಕೈಬೆರಳಲ್ಲೇ ಏನನ್ನೋ ಮಡಚಿ, ಬಿಚ್ಚಿ, ತೋರಿಸಿಕೊಂಡು ನಗುತ್ತಿದ್ದರು.

“ಬಂದ್ರಾ? ಬನ್ನಿ ಇಲ್ಲಿ” ಎಂದರು ಆಕೆ. ಬೈಗುಳವಿಲ್ಲ, ಅಳುವಿಲ್ಲ. “ಈ ಹೆಂಗಸಿನ ಸೀರೆ ನೆರಿಗೆ ನೋಡಿ. ಯಾವ ಕಡೆ ಬಿದ್ದಿದೆ?”

“ಏನಾಯ್ತು ಅಂದ್ರೆ, ಮಾಸ್ತರು ಒಳಗೆ…”

“ನೋಡಿ ಅಂದೆ. ಆ ಸಾಲಲ್ಲೆಲ್ಲ ನೆರಿಗೆ ಬಲಕ್ಕೆ ತಿರುಗಿದೆ. ಈ ಮೂರು ಕಂಬದಲ್ಲಿ ಮಾತ್ರ ಎಡಕ್ಕೆ. ಎಡಗೈಯವನು ಕೆತ್ತಿದ್ದು ರೀ. ನಂಗೆ ನೋಡಿದ ತಕ್ಷಣ ಅನುಮಾನ ಬಂತು. ನಮ್ಮ ಬೀದೀಲಿ ಕತ್ತರಿ ಎಡಗೈಲಿ ಹಿಡಿಯೋಳು ಒಬ್ಬಳಿದ್ಳಲ್ಲ, ಅವಳು ಮಡಿಸಿದ ಅಂಚೂ ಹೀಗೇ ಇರ್ತಿತ್ತು. ಇವರನ್ನ ಕೇಳಿದೆ. ಎಡಗೈಲಿ ಉಳಿ ಹಿಡಿದು ತೋರಿಸಿದ್ರು. ಹೌದಂತೆ! ಕೊನೇ ಕಂಬದಲ್ಲಿ ಒಬ್ಬಳಿಗೆ ಅಂಚೇ ಮುಗಿದಿಲ್ಲ, ಹಾಗೇ ಬಿಟ್ಟಿದಾನೆ. ಕಾಯಿಲೆ ಬಿತ್ತೋ, ಸತ್ನೋ. ಬನ್ನಿ, ತೋರಿಸ್ತೀನಿ.”

ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅವರಿಗೆ ಕಂಡದ್ದು ಕಂಬ. ಆಮೇಲೆ ಗಡಿಯಾರ ನೋಡಿದರು.

“ಎಲ್ಲ ಸರಿ, ದಾರೀಲಿ ಹೇಳುವಿಯಂತೆ. ಜನ ಕಾಯ್ತಿದಾರೆ. ಟ್ಯಾಕ್ಸಿ ನಿಂತಿದೆ.”

“ನೀವು ಹೋಗಿ. ನಾನು ಇನ್ನೆರಡು ದಿನ ಇಲ್ಲೇ ಇರ್ತೀನಿ. ಟಿಕೆಟ್ ಕೊಡೋ ಹುಡುಗಿಗೆ ಒಂದಿಷ್ಟು ಕನ್ನಡ ಬರುತ್ತೆ, ಅವಳ ಅತ್ತೆ ಮನೇಲಿ ಕೋಣೆ ಕೊಡಿಸಿದಾಳೆ. ಹೊಲಿಗೆ ದುಡ್ಡು ಕೈಲಿದೆ. ರೈಲಿಗೆ ಮನೆಗೆ ಹೋಗ್ತೀನಿ.”

“ತಲೆ ಕೆಟ್ಟಿದೆಯೇನೇ ನಿಂಗೆ? ಬಸ್ಸಲ್ಲಿ ಜನ ಏನಂದ್ಕೋತಾರೆ?”

“ಏನೂ ಅಂದ್ಕೊಳಲ್ಲ ಬಿಡಿ. ನೀವು ಹೋಗಿ ಮೂರು ಗಂಟೆ ಆಯ್ತು. ನಾನಿಲ್ಲ ಅಂತ ನಿಮಗೇ ಗೊತ್ತಾಗಿರ್ಲಿಲ್ಲ.”

ಕುಟುಕಿ ಹೇಳಿದ್ದರೆ ಸಾಹೇಬರು ತಿರುಗಿಸಿ ಕುಟುಕುತ್ತಿದ್ದರು. ಆಕೆ ಬಟ್ಟೆಯ ಅಳತೆ ಹೇಳುವ ಹಾಗೆ ಸುಮ್ಮನೆ ಹೇಳಿದರು. ಜೀವಮಾನದಲ್ಲಿ ಎಂದೂ ಆಡದ ಮಾತೊಂದು ಆಗ ಸಾಹೇಬರ ಬಾಯಿಂದ ಬಂತು, ಅದನ್ನು ಕೇಳಿ ಅವರಿಗೇ ಗಾಬರಿಯಾಯಿತು.

“ಹಾಗಾದ್ರೆ ನಾನೂ ಇದ್ದುಬಿಡಲಾ?”

ಆಕೆ ತಿರುಗಿ ಗಂಡನ ಮುಖವನ್ನು ನೋಡಿದರು. ಹಂಗಿಸಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು:

“ಇದ್ದು ಏನ್ಮಾಡ್ತೀರಿ?”

ಸಾಹೇಬರು ಯೋಚಿಸಿದರು. ಈ ಮಂಟಪಕ್ಕೆ ನೂರು ಸಲವಾದರೂ ಬಂದಿದ್ದಾರೆ. ಇಲ್ಲಿ ನಿಂತು ಮಾಡುವಂಥದ್ದು ಏನಾದರೂ ಇದೆಯೇ ಎಂದು ತಡಕಾಡಿದರು. ಕೂರಬಹುದು. ಕೂತು? ಉತ್ತರ ಹೊಳೆಯುವ ಮೊದಲೇ ಫೋನು ಬಡಿದುಕೊಂಡಿತು. ಡ್ರೈವರು: “ಸಾರ್, ಮಾಸ್ತರು ಗಲಾಟೆ ಮಾಡ್ತಿದಾರೆ.” ಸಾಹೇಬರ ಮುಖದಲ್ಲಿ ಬದುಕಿದೆಯಾ ಬಡಜೀವವೇ ಎಂಬ ಕಳೆ ಬಂದುಬಿಟ್ಟಿತು. ಅದನ್ನು ಆಕೆ ಕಂಡರು. ಕಂಡು, ಎದ್ದು, ಕೊನೆಯ ಕಂಬದ ಕಡೆ ನಡೆದರು. ಕಲ್ಲುಕುಟಿಗ ಉಳಿಯನ್ನು ಕೆಳಗಿಟ್ಟು ಹಿಂದೆಯೇ ಹೋದ.

ಸಾಹೇಬರು ಗೇಟು ದಾಟಿ ಬಂದು ಟ್ಯಾಕ್ಸಿಯ ಬಾಗಿಲು ಹಾಕಿಕೊಂಡರು. ಟ್ಯಾಕ್ಸಿಯವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ, ಗೇಟಿನ ಕಡೆ ನೋಡಿದ.

“ಮೇಡಂ ಸಿಗ್ಲಿಲ್ವಾ ಸಾರ್?”

ಇಲ್ಲ ಎಂದರು ಸಾಹೇಬರು.