ದುರ್ಗಾಳ ಮೀಸೆ

ಸುರಪುರದ ರಂಗಂಪೇಟೆಯ ಮಲ್ಲಾಬಾಯಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ "ನೀರು ಕುಡೀರಿ" ಎನ್ನುತ್ತಾಳೆ. ನಾನು ಅಲ್ಲಿಯ ಮೇಷ್ಟರು, ಹತ್ತು ವರ್ಷದಿಂದ ನೀರು ಕುಡಿಯುತ್ತಿದ್ದೇನೆ.

ಆಕೆಯ ಮೊಮ್ಮಗಳು ದುರ್ಗಾಳಿಗೆ ಹುಟ್ಟಿನಿಂದಲೇ ರಕ್ತ ಕಡಿಮೆ. ವಂಶದಲ್ಲಿ ಬಂದ ರೋಗ. ಡಾಕ್ಟರು ಗಂಡಸರ ಹಾರ್ಮೋನಿನ ಮಾತ್ರೆ ಕೊಟ್ಟರು. ರಕ್ತವೇನೋ ಏರಿತು, ಜೊತೆಗೆ ಹನ್ನೊಂದರ ಹುಡುಗಿಗೆ ಮೀಸೆ ಚಿಗುರಿ, ದನಿ ಗೌಡರ ದನಿಯಾಯಿತು. ಮಲ್ಲಾಬಾಯಿ ದಿನಾ ಬೆಳಿಗ್ಗೆ ಆ ಮೀಸೆ ಸವರಿ, "ರಕ್ತ ಏರಾಕತ್ಯಾದ" ಎಂದು ಹಿಗ್ಗುತ್ತಿದ್ದಳು. ಆದರೆ ಆ ಮಾತ್ರೆಯಿಂದ ಲಿವರಿನಲ್ಲಿ ಗಡ್ಡೆ ಏಳಬಹುದು, ಆರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನ್ ಆಗಲೇಬೇಕು.

ಯಾದಗಿರಿಗೆ ಸ್ಕ್ಯಾನಿಗೆ ಹೊರಟ ದಿನ ಬಸ್ಸಿನಲ್ಲಿ ನಾನೂ ಇದ್ದೆ. ದುರ್ಗಾಳ ತಲೆಯನ್ನು ಹರಕೆಗೆ ಬೋಳಿಸಿದ್ದರು. ಕಂಡಕ್ಟರ್ ಕಾಂತೇಶ ಅವಳನ್ನೂ ಆಧಾರ್ ಕಾರ್ಡಿನ ಎರಡು ಜಡೆಯ ಫೋಟೋವನ್ನೂ ನೋಡಿದ.

"ಯವ್ವಾ, ಹುಡುಗಗ ಫ್ರಾಕ್ ಹಾಕಿ ಹೆಣ್ಮಕ್ಕಳ ಫ್ರೀ ಟಿಕೆಟ್ ಕೇಳ್ತಿಯಲ್ಲ?"

"ನಾ ಹುಡುಗಿ ಅದೀನ್ರಿ," ಎಂದಳು ದುರ್ಗಾ, ಗೌಡರ ದನಿಯಲ್ಲಿ. ಬಸ್ಸಿಗೆ ಬಸ್ಸೇ ನಕ್ಕಿತು.

"ಶಹಾಪುರದಾಗ ಇಳಸ್ತೀನಿ," ಎಂದ ಕಾಂತೇಶ.

ಮಲ್ಲಾಬಾಯಿ ಎದ್ದು ತನ್ನ ಮುಖವನ್ನೇ ಮುಂದೊಡ್ಡಿದಳು. "ನೋಡು, ನನಗೂ ನಾಕು ಕೂದಲ ಮೀಸಿ ಅದ. ನನಗ್ಯಾಕ ಫ್ರೀ ಕೊಟ್ಟಿ? ಹತ್ತಕ್ಕ ಕೂಸಿಂದು ಸ್ಕ್ಯಾನ್ ಅದ. ಇಳಿಸಿದ್ರ ಲಿವರ್ ನೀನೇ ನೋಡ್ತಿಯೇನು?"

ನಾನು ಆಗಲೇ ಬಾಯಿ ಬಿಡಬೇಕಿತ್ತು. ಕೊನೆಗೆ ಎದ್ದು, "ಹಾಜರಿ ಪುಸ್ತಕದಾಗ ಹುಡುಗಿ ಅಂತ ಅದ," ಎಂದೆ. ಸರ್ಕಾರಿ ಪುಸ್ತಕದ ಹೆಸರು ಕೇಳಿ ಕಾಂತೇಶ ಟಿಕೆಟ್ ಹರಿದ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಡಾಕ್ಟರು ಮಾತ್ರೆಯನ್ನು ಅರ್ಧ ಮಾಡಿದರು. ತಿಂಗಳುಗಳು ಕಳೆದಂತೆ ಮೀಸೆ ತೆಳುವಾಯಿತು, ಮಲ್ಲಾಬಾಯಿಯ ನಿದ್ದೆ ಹಾರಿಹೋಯಿತು. ಮೀಸೆ ಹೋದರೆ ರಕ್ತವೂ ಹೋಯಿತೆಂದೇ ಆಕೆಯ ಲೆಕ್ಕ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ನಾವೇ ಉಪ್ಪು ಬೆರೆಸಿಕೊಂಡು ಉಂಡೆವು.

ಆರು ತಿಂಗಳಿಗೆ ಮತ್ತೆ ಸ್ಕ್ಯಾನಿಗೆ ನಾನೂ ಜೊತೆಗೇ ಹೋದೆ. ಗಡ್ಡೆ ಕುಗ್ಗಿತ್ತು. ರಕ್ತ ಇಳಿದಿರಲಿಲ್ಲ. ಮರಳುವ ಬಸ್ಸಿನಲ್ಲಿ ಅದೇ ಕಾಂತೇಶ.

"ಏನವ್ವಾ, ಮೀಸಿ ಎಲ್ಲಿ ಹೋತು?"

"ಅಜ್ಜಿ ಕಡೆ ಇಟ್ಟೀನ್ರಿ," ಎಂದಳು ದುರ್ಗಾ. ದನಿ ಮಾತ್ರ ಗೌಡರದೇ ಉಳಿದಿತ್ತು.

ಮಲ್ಲಾಬಾಯಿ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ತನ್ನ ನಾಲ್ಕು ಕೂದಲ ಮೀಸೆಯನ್ನು ಯಾದಗಿರಿಯಿಂದ ಸುರಪುರದವರೆಗೂ ಸವರಿಕೊಂಡಳು.