ಗುರುಸಿದ್ದಪ್ಪನವರ ಎಂಟು ಜಿಬಿ

ಗುರುಸಿದ್ದಪ್ಪನವರ ಕೈಗೆ ಏನೇ ಕೊಟ್ಟರೂ ಮೊದಲು ಅದನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ ತೂಗುತ್ತಿದ್ದರು. ಕೊಬ್ಬರಿಯಾದರೆ ಸರಿ, ತಿಪಟೂರಿನಲ್ಲಿ ಮಂಡಿ ಇಟ್ಟವರ ಕೈಯೇ ಹಾಗೆ. ಇವರು ಮದುವೆಯ ಕರೆಯೋಲೆಯನ್ನೂ ತೂಗುತ್ತಿದ್ದರು, ಪ್ರಸಾದದ ದೊನ್ನೆಯನ್ನೂ ತೂಗುತ್ತಿದ್ದರು. ತೂಗಿದ ಮೇಲೆ ತೀರ್ಪು ಒಂದೇ: "ಹಸಿ ಐತೆ ಕಣಪ್ಪ." ಪೂರ್ತಿ ಒಣಗದ ಕೊಬ್ಬರಿಗೆ ಹೇಳುವ ಮಾತದು. ಅವರು ಅದನ್ನು ಹೊಸ ಅಳಿಯನಿಗೂ ಪೇಪರಿನ ಸುದ್ದಿಗೂ ಹೇಳುತ್ತಿದ್ದರು. ಅವರ ಮಂಡಿಯ ಎದುರಿಗೆ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ದಿನ ಬಂದವರು, ನಾನು ಕೊಟ್ಟ ಲಾಡನ್ನು ಕೈಯಲ್ಲಿ, ನನ್ನನ್ನು ಕಣ್ಣಲ್ಲಿ ತೂಗಿ, ಅದನ್ನೇ ಹೇಳಿ ಹೋಗಿದ್ದರು.

ಹಸಿ ಎಂದ ಮೇಲೆ ಕಳೆಯಬೇಕಲ್ಲ. ರೈತರು ತಂದ ಪ್ರತಿ ಮೂಟೆಯಲ್ಲೂ ಹಸಿಗೆಂದು ಒಂದಿಷ್ಟು, ಖಾಲಿ ಚೀಲದ ತೂಕವೆಂದು ಒಂದಿಷ್ಟು ಕಳೆದೇ ಅವರು ತೂಕ ಕೂಗುತ್ತಿದ್ದುದು. ಚೀಲ ನಿಜಕ್ಕೂ ಅಷ್ಟು ತೂಗುತ್ತದೆಯೇ ಎಂದು ಯಾರಾದರೂ ಜಗಳಕ್ಕೆ ನಿಂತರೆ ಸಿಟ್ಟಾಗುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು ಕಾಫಿ ತರಿಸುತ್ತಿದ್ದರು. "ಪದ್ಧತಿ ಕಣಪ್ಪ, ನಾನ್ ಮಾಡಿದ್ದಾ?" ಎನ್ನುತ್ತಿದ್ದರು. ಕಾಫಿ ಕುಡಿದವರು ಮುಂದಿನ ವಾರವೂ ಅಲ್ಲಿಗೇ ಬರುತ್ತಿದ್ದರು.

ಮಂಡಿಯ ಬಿಲ್ಲುಗಳೆಲ್ಲ ಕಂಪ್ಯೂಟರಿಗೆ ಹತ್ತಿದ ಮೇಲೆ ಅವರ ಯಂತ್ರ ಏದುಸಿರು ಬಿಡತೊಡಗಿತು. ನಾಲ್ಕು ಜಿಬಿಯ ರ್ಯಾಮ್ ತೆಗೆದು ಎಂಟರದ್ದು ಹಾಕೋಣ ಎಂದೆ. ಬೆರಳುದ್ದದ ಆ ಹೊಸ ಪಟ್ಟಿಯನ್ನು ಅವರು ಸಹಜವಾಗಿ ತೂಗಿದರು. "ಇಷ್ಟು ಹಗೂರಕ್ಕೆ ಎಂಟು ಅಂತೀಯ?" ಎಂದರು. ಹಾಕಿ ಬಂದೆ.

ಮರುದಿನ ಮಂಡಿ ತುಂಬ ರೈತರಿದ್ದ ಹೊತ್ತಿನಲ್ಲೇ ಕರೆ ಬಂತು. ಹೋಗಿ ನೋಡಿದರೆ ಪರದೆಯ ಮೇಲೆ ಎಂಟು ಜಿಬಿ ಎಂದಿತ್ತು. ಪಕ್ಕದಲ್ಲೇ, ಬಳಕೆಗೆ ಸಿಗುವುದು ಆರಕ್ಕೂ ಕಡಿಮೆ ಎಂದಿತ್ತು.

"ನೋಡ್ರಪ್ಪ," ಎಂದರು, ಮೂಟೆಗಳ ಮೇಲೆ ಕೂತವರನ್ನೆಲ್ಲ ಸಾಕ್ಷಿಗೆ ಕರೆದು. "ಎಂಟು ಅಂತ ಕೊಟ್ಟವ್ನೆ. ಕೈಗೆ ಬರೋದು ಆರೂ ಇಲ್ಲ. ಮಿಕ್ಕಿದ್ದು ಎಲ್ಲಿಗೋಯ್ತು?"

ಅಂಗಡಿ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಆ ಬೀದಿಯಲ್ಲಿ ಗುರುಸಿದ್ದಪ್ಪನವರು ಒಮ್ಮೆ ಮೋಸ ಎಂದರೆ ಸಾಕು, ನಾನು ಬಾಗಿಲು ಹಾಕಿ ಊರಿನ ಬಸ್ಸು ಹತ್ತಬೇಕಿತ್ತು.

ಆಗ ಶೆಟ್ಟಿಕೆರೆಯಿಂದ ಕೊಬ್ಬರಿ ತಂದಿದ್ದ ಗಂಗಮ್ಮ, ಎಲೆಗೆ ಸುಣ್ಣ ಹಚ್ಚುತ್ತಾ, ಏನೂ ಅರಿಯದವರಂತೆ ಹೇಳಿದರು: "ಚೀಲದ ತೂಕ ಕಳ್ದವ್ನೇನೋ ಬುಡಿ, ಸಾವ್ಕಾರ್ರೇ."

ಯಾರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಮೂಟೆಯ ಹೊಲಿಗೆ ನೋಡತೊಡಗಿದರು. ಸಾಹುಕಾರರು ಕುರ್ಚಿಯಲ್ಲಿ ಕೂತರು.

ಪಟ್ಟಿಯನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಅಷ್ಟೇ ತೋರಿಸಿತು. ಪಕ್ಕದ ಸ್ಲಾಟಿಗೆ ಹಾಕಿದೆ. ಅಷ್ಟೇ. ಕೊನೆಗೆ, ಯಂತ್ರ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗಿನೊಳಗೆ ಹೊಕ್ಕಾಗ ಸಿಕ್ಕಿತು. ಪರದೆಯ ಚಿತ್ರಕ್ಕೆಂದು ಎರಡು ಜಿಬಿಯನ್ನು ಯಂತ್ರ ಮೊದಲೇ ಎತ್ತಿಟ್ಟುಕೊಳ್ಳುತ್ತಿತ್ತು. ಬಿಲ್ಲು ತೋರಿಸಲು ಅಷ್ಟೆಲ್ಲ ಬೇಕಿರಲಿಲ್ಲ. ನಾಲ್ಕಿದ್ದಾಗಲೂ ಅಷ್ಟೇ ಎತ್ತಿಡುತ್ತಿತ್ತು, ಯಾರೂ ಕೇಳಿರಲಿಲ್ಲ. ಆ ಪಾಲನ್ನು ಸಾಧ್ಯವಾದಷ್ಟು ಇಳಿಸಿ ಮತ್ತೆ ಶುರುಮಾಡಿದೆ. ಎಂಟಕ್ಕೆ ಒಂದು ಚೂರು ಕಮ್ಮಿ ಎಂದು ತೋರಿಸಿತು.

"ಈ ಚೂರು?" ಎಂದರು.

"ಅದು ಅದಕ್ಕೆ ಬೇಕೇ ಬೇಕು ಸಾವ್ಕಾರ್ರೇ. ಅಷ್ಟೂ ಬಿಡದಿದ್ರೆ ಓಡಲ್ಲ."

"ಬೇಕಾದಷ್ಟೇ ತಗಂಡ್ರೆ ಯಾರು ಬ್ಯಾಡ ಅಂತಾರೆ," ಎಂದರು ಗುರುಸಿದ್ದಪ್ಪನವರು. ಅಂದ ಮೇಲೆ, ತಾವು ಅಂದದ್ದು ಅವರಿಗೇ ಕೇಳಿಸಿತು. ಗಂಗಮ್ಮನ ಕಡೆ ನೋಡದೆ ಹಮಾಲಿಗೆ ಹೇಳಿದರು: "ಆ ಯಮ್ಮಂದು ಖಾಲಿ ಚೀಲ ತೂಗು ಕಣ್ಲಾ." ಆಮೇಲೆ ನನ್ನ ಕಡೆ ತಿರುಗಿ, "ಒಣಗಿದೀಯ ಬುಡು," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ, ನನಗೆ ಕಣ್ಣು ತುಂಬಿ ಬಂತು.

ಅಂದಿನಿಂದ ಸಾಹುಕಾರರು ಬದಲಾದರು ಎಂದು ಬರೆದರೆ ಓದಲು ಹಿತವಾಗಿರುತ್ತದೆ. ಬದಲಾಗಲಿಲ್ಲ. ಖಾಲಿ ಚೀಲ ತೂಗಿಸುತ್ತಿದ್ದುದು ಗಂಗಮ್ಮನಿಗೆ ಮಾತ್ರ. ಮಿಕ್ಕವರಿಗೆ ಅದೇ ಪದ್ಧತಿ, ಅದೇ ಕಾಫಿ. ಆದರೆ "ಎದುರುಗಡೆ ಹುಡುಗ ಎಲ್ಲಿ ಕಳೀತು ಅಂತ ತೋರ್ಸಿಕೊಡ್ತಾನೆ ಕಣ್ರೀ" ಎಂದು ಬೀದಿಯ ಅರ್ಧ ಗಿರಾಕಿಗಳನ್ನು ನನ್ನ ಅಂಗಡಿಗೆ ಅಟ್ಟಿದವರು ಅವರೇ.

ಹೋದ ವರ್ಷ ತೀರಿಕೊಂಡರು. ಯಾರಾದರೂ ಏನಾದರೂ ಕೈಗೆ ಕೊಟ್ಟರೆ ಈಗ ನಾನೇ ಒಂದು ಸಲ ಮೇಲೆ ಕೆಳಗೆ ಆಡಿಸಿಬಿಡುತ್ತೇನೆ. ಮೊನ್ನೆ ಮಂಡಿಗೆ ಹೋಗಿದ್ದೆ. ಸಾಹುಕಾರರ ಮಗ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ್ದಾರೆ. ಮೂಟೆ ಇಟ್ಟ ಕೂಡಲೇ ಕಳೆಯುವುದನ್ನೆಲ್ಲ ತಾನೇ ಕಳೆದು ಚೀಟಿ ಕೊಡುತ್ತದೆ. ಗಂಗಮ್ಮ ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳೆಯ ಕುರ್ಚಿಯ ಕಡೆ ನೋಡುತ್ತ ನಿಂತಿದ್ದರು.

"ಖಾಲಿ ಚೀಲ ತೂಗಿ ಅನ್ನಬಾರ್ದಾ ಗಂಗಮ್ಮ?" ಎಂದೆ.

"ಯಾರ್ಗಪ್ಪ ಅನ್ನಾನ? ಅವ್ರು ಕಳೀತಿದ್ರು, ಬೈದ್ರೆ ಬೈಸ್ಕಂತಿದ್ರು. ಇದು ಬರೀ ಕಳೀತದೆ."